ಪಲ್ಸ್ ನಿಧಾನವಾದಾಗ

ನ್ಯೂರೋ ವಾರ್ಡು, ಐಸಿಯು ಅಂತ ಸ್ಟಾಫ್ ನರ್ಸ್ ಕೆಲಸಕ್ಕೆ 14 ವರ್ಷ ಆಯ್ತು. ಹೊಸದಾಗಿ ಸೇರುವ ಹುಡುಗಿಯರ ಕೈಗೆ ನಾನು ಮೊದಲು ಕೊಡುವುದು ಪೆನ್ ಟಾರ್ಚ್. ಮಾನಿಟರ್ ಎಷ್ಟೇ ದೊಡ್ಡದಿರಲಿ, ಗಂಟೆಗೊಮ್ಮೆ ರೆಪ್ಪೆ ಎತ್ತಿ ಕಣ್ಣಿನ ಪಾಪೆಗೆ ಬೆಳಕು ಬಿಟ್ಟು ನೋಡಲೇಬೇಕು.

ಅದನ್ನು ನಾನು ಕಲಿತದ್ದು ಎರಡನೇ ವರ್ಷದಲ್ಲಿ, ಒಬ್ಬ ಹುಡುಗನಿಂದ. ಬೈಕಿನಿಂದ ಬಿದ್ದು ಬಲಗಿವಿಯ ಮೇಲೆ ಪೆಟ್ಟಾಗಿತ್ತು. ಸ್ಕ್ಯಾನಿನಲ್ಲಿ ಬುರುಡೆಯ ಒಳಗೆ ತೆಳುವಾಗಿ ರಕ್ತ ಕಂಡಿತ್ತು, ನಿಗಾದಲ್ಲಿಟ್ಟಿದ್ದರು. ಚೆನ್ನಾಗಿಯೇ ಮಾತಾಡುತ್ತಿದ್ದ. "ಸಿಸ್ಟರ್, ಒಂದು ಕಾಫಿ ಸಿಗುತ್ತಾ?" ಅಂತಲೂ ಕೇಳಿದ್ದ. ರಾತ್ರಿ ಎರಡರ ಹೊತ್ತಿಗೆ ಗಾಢ ನಿದ್ದೆ. "ಪಾಪ, ಸುಸ್ತಾಗಿದ್ದಾನೆ, ಎಬ್ಬಿಸಬೇಡಮ್ಮ" ಅಂದರು ತಾಯಿ. 90 ಇದ್ದ ಪಲ್ಸ್ 66ಕ್ಕೆ ಬಂತು, ಆಮೇಲೆ 54. ನೋವು ಇಳಿದಿದೆ, ಆರಾಮಾಗಿದ್ದಾನೆ ಅಂದುಕೊಂಡೆ. ಬಿಪಿ 170 ಇತ್ತು. ಚಾರ್ಟಿನಲ್ಲಿ ಬರೆದೆ, ಅಷ್ಟೇ. ಅರ್ಧ ಗಂಟೆ ಸುಮ್ನೆ ಕಳೆದುಹೋಯಿತು.

ಸೀನಿಯರ್ ಸಿಸ್ಟರ್ ಬಂದು ಅವನ ಭುಜ ಹಿಂಡಿದರು. ಬರೀ ನರಳಿದ. ರೆಪ್ಪೆ ಎತ್ತಿದರೆ ಎಡಗಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಬಲಗಣ್ಣಿನದು ಅಗಲವಾಗಿ ತೆರೆದುಕೊಂಡೇ ಇತ್ತು, ಅಲುಗಲಿಲ್ಲ. ಅಲ್ಲಿಂದ ಸೀದಾ ಆಪರೇಷನ್ ಥಿಯೇಟರಿಗೆ.

ಬುರುಡೆ ಹಿಗ್ಗದ ಡಬ್ಬ. ಸ್ಕಾಟ್ಲೆಂಡಿನ ಅಂಗರಚನಾ ತಜ್ಞ ಅಲೆಕ್ಸಾಂಡರ್ ಮನ್ರೋ 1783ರಲ್ಲೇ ಇದನ್ನು ಹೇಳಿದ್ದರು. ಒಳಗೆ ಸುಮಾರು 1400 ಮಿಲಿಯಷ್ಟು ಮಿದುಳು, 150 ಮಿಲಿ ರಕ್ತ, ಅಷ್ಟೇ ಸಿಎಸ್‌ಎಫ್, ಅಂದರೆ ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರು. ಹೊಸದಾಗಿ ರಕ್ತ ಸೇರಿದರೆ ನೀರು ಬೆನ್ನುಹುರಿಯ ಕಡೆಗೆ ಸರಿಯುತ್ತದೆ, ಮಲಿನ ರಕ್ತ ಕತ್ತಿನ ಕಡೆಗೆ ಇಳಿಯುತ್ತದೆ. ಹಾಗಾಗಿ ಮೊದಲು ತಲೆಯೊಳಗಿನ ಪ್ರೆಶರ್ ಏರುವುದೇ ಇಲ್ಲ, ರೋಗಿ ಕಾಫಿ ಕೇಳುತ್ತಾನೆ. ಆ ಜಾಗ ಮುಗಿದ ಮೇಲೆ ಒಂದು ಚಮಚ ಜಾಸ್ತಿಯಾದರೂ ಪ್ರೆಶರ್ ಒಮ್ಮೆಗೇ ಏರಿಬಿಡುತ್ತದೆ. ಬಿಪಿಯಂತೆ ಇದನ್ನೂ ಪಾದರಸದ ಮಿಲಿಮೀಟರಿನಲ್ಲೇ ಅಳೆಯುತ್ತಾರೆ; ದೊಡ್ಡವರಲ್ಲಿ ಅದು 15ರ ಒಳಗಿರಬೇಕು. 22 ದಾಟಿ ನಿಂತರೆ ಚಿಕಿತ್ಸೆ ಬೇಕು.

ಸರಾಸರಿ ಬಿಪಿಯಿಂದ ಈ ಪ್ರೆಶರ್ ಕಳೆದರೆ ಉಳಿಯುವುದೇ ಮಿದುಳಿಗೆ ರಕ್ತ ತಳ್ಳುವ ಬಲ. 80ರಲ್ಲಿ 30 ಹೋದರೆ 50. ಅದು ಸಾಲದು. ಆಗ ಮೈ ತಾನೇ ಬಿಪಿ ಏರಿಸುತ್ತದೆ, ಪಲ್ಸ್ ನಿಧಾನವಾಗುತ್ತದೆ, ಉಸಿರು ಲಯ ತಪ್ಪುತ್ತದೆ. ಅಮೆರಿಕದ ಮಿದುಳು ಸರ್ಜನ್ ಹಾರ್ವಿ ಕುಶಿಂಗ್ ಹೆಸರಿನಲ್ಲಿ ನಾವೆಲ್ಲ ಓದಿದ್ದು ಇದನ್ನೇ. ಪರೀಕ್ಷೆಯಲ್ಲಿ ಬರೆದಿದ್ದೆ, ಹಾಸಿಗೆಯ ಮುಂದೆ ನಿಂತಾಗ ಗುರುತು ಹಿಡಿಯಲಿಲ್ಲ. ಜಾಗ ಸಾಲದೆ ಮಿದುಳು ಕೆಳಗೆ ಜಾರಿದಾಗ ಪಾಪೆಯನ್ನು ಕುಗ್ಗಿಸುವ ನರ ಒತ್ತಿಹೋಗುತ್ತದೆ, ಪಾಪೆ ಅಗಲವಾಗುತ್ತದೆ. ಇನ್ನೂ ಜಾರಿದರೆ ಉಸಿರೇ ನಿಲ್ಲುತ್ತದೆ.

ಈಗ ನಾನು ಮೊದಲು ನೋಡುವುದು ಕತ್ತು. ಒಮ್ಮೆ ತಲೆಯೊಳಗೆ ಪ್ರೆಶರ್ ಅಳೆಯುವ ವೈರ್ ಹಾಕಿದ್ದ ರೋಗಿಗೆ 14 ಇದ್ದದ್ದು 25 ಆಯ್ತು. ಮಿದುಳಿನ ನೀರೆಳೆದು ಮೂತ್ರದಲ್ಲಿ ಹೊರಹಾಕುವ ಔಷಧ ಮ್ಯಾನಿಟಾಲ್ ತರಲು ಒಬ್ಬರು ಓಡಿದರು. ನೋಡಿದರೆ ತಲೆ ದಿಂಬಿನಿಂದ ಪಕ್ಕಕ್ಕೆ ವಾಲಿತ್ತು. ಉಸಿರಿನ ಟ್ಯೂಬ್ ಜಾರದಂತೆ ಕತ್ತಿಗೆ ಕಟ್ಟಿದ ಪಟ್ಟಿಯ ಕೆಳಗೆ ಒಂದು ಬೆರಳೂ ತೂರುತ್ತಿರಲಿಲ್ಲ. ಕತ್ತಿನ ರಕ್ತನಾಳ ಅಮುಕಿಕೊಂಡರೆ ತಲೆಯ ರಕ್ತ ಇಳಿಯುವುದೆಲ್ಲಿ? ತಲೆ ನೇರ ಮಾಡಿ, ಪಟ್ಟಿ ಸಡಿಲಿಸಿ, ತಲೆಕಡೆ 30 ಡಿಗ್ರಿ ಎತ್ತಿದೆ. ನೋಡನೋಡುತ್ತಲೇ 16ಕ್ಕೆ ಇಳಿಯಿತು.

ಮ್ಯಾನಿಟಾಲ್ ಬೇಕೇ ಬೇಕು ಅಂದಾಗ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಚಳಿಗಾಲದಲ್ಲಿ ತಳದಲ್ಲಿ ಸಕ್ಕರೆಯಂತೆ ಹರಳು ಕಟ್ಟಿರುತ್ತದೆ. ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಆರಿದ ಮೇಲೆ, ಫಿಲ್ಟರ್ ಇರುವ ಡ್ರಿಪ್ ಸೆಟ್ಟಿನಲ್ಲೇ ಹಾಕಬೇಕು. ಮೂತ್ರ ಗಂಟೆಗಂಟೆಗೂ ಅಳೆಯಬೇಕು.

ಆ ಹುಡುಗ ಹೊಲಿಗೆ ಬಿಚ್ಚಿಸಲು ನಡೆದೇ ಬಂದ. "ಎಬ್ಬಿಸಬೇಡ ಅಂದುಬಿಟ್ಟಿದ್ದೆನಲ್ಲಮ್ಮ" ಅಂತ ತಾಯಿ ನನ್ನ ಕೈ ಹಿಡಿದು ಅತ್ತರು. ತಪ್ಪು ನಿಮ್ಮದಲ್ಲ, ನಾನು ಎಬ್ಬಿಸಬೇಕಿತ್ತು ಅಂದೆ. ಈಗ ತಲೆಗೆ ಪೆಟ್ಟಾದವರ ಮನೆಯವರಿಗೆ ಸಂಜೆಯೇ ಹೇಳಿಬಿಡುತ್ತೇನೆ: "ರಾತ್ರಿಯಿಡೀ ಗಂಟೆಗೊಮ್ಮೆ ಎಬ್ಬಿಸ್ತೀನಿ ಅಮ್ಮ, ಬೇಜಾರು ಮಾಡ್ಕೋಬೇಡಿ."