ಬೀಮ್ ಜಾಯಿಂಟಿಗೆ ಗಾಳಿ ಲೋಡೂ ಬರ್ತದೆ ಮಾರಾಯ್ರೆ

ಸ್ಟೀಲ್ ಕಟ್ಟಡಕ್ಕೆ ಲೋಡ್ ಲೆಕ್ಕ ಮಾಡುವ ಭಾರತೀಯ ಕೋಡ್ ಐಎಸ್ 875ರಲ್ಲಿ ಮಂಗಳೂರಿಗೆ ಬೇಸಿಕ್ ಗಾಳಿವೇಗ ಸೆಕೆಂಡಿಗೆ 39 ಮೀಟರ್ ಅಂತ ಉಂಟು, ಆ ಗಾಳಿ ಗೋಡೆಗೆ ಬಡಿದು ಸ್ಲಾಬಿಗೆ ಹೋಗಿ ಅಲ್ಲಿಂದ ಬ್ರೇಸಿಂಗ್ (ಕಟ್ಟಡ ವಾಲದ ಹಾಗೆ ಕೊಡುವ ಓರೆ ಆಸರೆ) ಇರುವಲ್ಲಿವರೆಗೆ ಬೀಮುಗಳೇ ಅದನ್ನ ದಾಟಿಸ್ಬೇಕು. ಮೊದ್ಲು ಡ್ರಾಯಿಂಗಲ್ಲಿ ಆ ಲೈನಿನ ಬೀಮುಗಳಿಗೆ ಮಾರ್ಕ್ ಹಾಕಿ, ಪ್ರತಿ ಜಾಯಿಂಟಿಗೆ ಶಿಯರ್ (ಬೀಮಿಗೆ ಅಡ್ಡ ಬರುವ ಕತ್ತರಿಸುವ ಬಲ) ಜೊತೆ ಬೀಮಿನ ಉದ್ದಕ್ಕೆ ಬರುವ ಎಳೆತ, ಒತ್ತಡ ಎರಡನ್ನೂ ಬರೀರಿ, ಗಾಳಿ ತಿರುಗ್ತದಲ್ವಾ. ಲೋಡ್ ಕಡಿಮೆ ಇದ್ರೆ ವೆಬ್ (ಬೀಮಿನ ನಡುವಿನ ನೆಟ್ಟಗಿನ ಭಾಗ) ಪ್ಲೇಟಿಗೆ ಬೋಲ್ಟ್ ಜಾಸ್ತಿ ಮಾಡಿದ್ರೆ ಸಾಕಾಗ್ಬಹುದು, ಜಾಸ್ತಿ ಇದ್ರೆ ಫ್ಲೇಂಜಿಗೂ (ಬೀಮಿನ ಮೇಲಿನ, ಕೆಳಗಿನ ಅಗಲ ಪಟ್ಟಿ) ಪ್ಲೇಟ್ ಕೊಡಿ, ಆದ್ರೆ ಆಗ ಜಾಯಿಂಟು ಮೊಮೆಂಟನ್ನೂ, ಅಂದ್ರೆ ಬೀಮನ್ನ ಬಗ್ಗಿಸುವ ಪರಿಣಾಮವನ್ನೂ, ಹಿಡೀತದೆ, ಅದನ್ನ ಬಿಡ್ಬೇಡಿ. ಲೋಡ್ ಹೋಗುವ ದಿಕ್ಕಿಗೆ ಉದ್ದ ತೂತು ಬೇಡವೇ ಬೇಡ, ಜಾರ್ತದೆ.

ಎಂ20 (20 ಎಂಎಂ ವ್ಯಾಸದ) ಬೋಲ್ಟಿಗೆ ತೂತು 22 ಎಂಎಂ. ಕೈಯಲ್ಲಿ ಗ್ಯಾಸ್ ಕಟಿಂಗ್ ಮಾಡಿದ ಅಂಚಿಂದ ತೂತಿನ ಮಧ್ಯಕ್ಕೆ ಕಮ್ಮಿ ಅಂದ್ರೂ 38 ಎಂಎಂ ಬಿಡಿ. ಬೈಕಂಪಾಡಿಯ ಒಂದು ಶೆಡ್ಡಿಗೆ ನಾನು 30 ಬರ್ದು ಪ್ಲೇಟೆಲ್ಲ ಪುನಃ ಮಾಡಿಸಿದ್ದೆ.