ಕುರುಕ್ಷೇತ್ರ ನಾಟಕಕ್ಕೆ ಖಾಲಿ ಡಿವಿಡಿ ಕೊಳ್ಳುವಾಗ

ನಮ್ಮ ತುಮಕೂರು ಕಡೆ ಪೌರಾಣಿಕ ನಾಟಕ ಅಂದ್ರೆ ರಾತ್ರಿ ಊಟ ಮುಗಿಸಿ ಶುರುವಾಗಿ ಬೆಳಗಿನ ಕಾಫಿ ಹೊತ್ತಿಗೆ ಮುಗಿಯುವ ಕೆಲಸ. ಊರ ಹಬ್ಬಕ್ಕೂ ಕುರುಕ್ಷೇತ್ರ, ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಕುರುಕ್ಷೇತ್ರ. ಇದನ್ನು ಶೂಟ್ ಮಾಡಿ ಪಾತ್ರಧಾರಿಗಳಿಗೆ ಡಿವಿಡಿ ಮಾಡಿಕೊಡುವುದು ನನ್ನ ಕೆಲಸ. ಒಂದು ಡಿಸ್ಕ್‌ಗೆ ಎರಡು ಗಂಟೆ ಹಾಕಿದರೆ ಚಿತ್ರ ಚೆನ್ನಾಗಿರುತ್ತದೆ. ಅದಕ್ಕಿಂತ ಜಾಸ್ತಿ ತುರುಕಿದರೆ ಸೀನರಿ ಪರದೆ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಹಾಗಾಗಿ ಒಂದು ನಾಟಕಕ್ಕೆ ನಾಲ್ಕು ಡಿಸ್ಕ್‌ನ ಸೆಟ್. ಕೃಷ್ಣ, ದುರ್ಯೋಧನ, ಶಕುನಿ, ಹಾರ್ಮೋನಿಯಂ ಮೇಷ್ಟ್ರು, ಎಲ್ಲರಿಗೂ ಒಂದೊಂದು ಸೆಟ್ ಬೇಕು. ಈಗ ಪೆನ್‌ಡ್ರೈವ್ ಕೇಳುವವರೇ ಹೆಚ್ಚು. ಆದರೂ ಟಿವಿ ಕೆಳಗೆ ಪ್ಲೇಯರ್ ಇಟ್ಟುಕೊಂಡಿರುವ ಹಿರಿಯರು ‘ಡಿವಿಡಿನೇ ಕೊಡಪ್ಪ’ ಅನ್ನುತ್ತಾರೆ. ಪೆನ್‌ಡ್ರೈವ್‌ನಲ್ಲಿರುವುದನ್ನು ಮೊಮ್ಮಗ ಅಳಿಸಿ ಸಿನಿಮಾ ತುಂಬಿಸಿಕೊಳ್ಳುತ್ತಾನೆ, ಡಿವಿಡಿಯಲ್ಲಿ ಆ ಆಟ ನಡೆಯಲ್ಲ ಅಲ್ವಾ.

ಖಾಲಿ ಡಿಸ್ಕ್ ಕೇಳಿದರೆ ಅಂಗಡಿಯವರು ‘ಎಲ್ಲಾ ಒಂದೇ ಸಾರ್’ ಅನ್ನುತ್ತಾರೆ. ಒಂದೇ ಅಲ್ಲ. ಒಂದೇ ಫ್ಯಾಕ್ಟರಿಯ ಮಾಲು ಬೇರೆ ಬೇರೆ ಹೆಸರಿನ ಡಬ್ಬಿಯಲ್ಲಿ ಬರುತ್ತದೆ. ಒಂದೇ ಹೆಸರಿನ ಎರಡು ಡಬ್ಬಿಯಲ್ಲಿ ಎರಡು ಫ್ಯಾಕ್ಟರಿಯ ಮಾಲು ಇರುವುದೂ ಉಂಟು. ಆದ್ದರಿಂದ ನಾನು ನಂಬುವುದು ಮೀಡಿಯಾ ಕೋಡ್ ಅನ್ನು. ಯಾವ ಕಂಪನಿಯ ಮಾಲು ಅಂತ ಹೇಳುವ ಈ ಕೋಡ್ ತಯಾರಾಗುವಾಗಲೇ ಡಿಸ್ಕ್ ಒಳಗೆ ಸೇರಿರುತ್ತದೆ. ರೈಟರ್, ಅಂದರೆ ಡಿಸ್ಕ್ ಬರೆಯುವ ಡ್ರೈವ್, ಮೊದಲು ಅದನ್ನು ಓದಿಕೊಂಡು, ಈ ಡಿಸ್ಕ್‌ಗೆ ಲೇಸರ್ ಎಷ್ಟು ಜೋರಾಗಿ ಬಿಡಬೇಕು ಅಂತ ತೀರ್ಮಾನ ಮಾಡುತ್ತದೆ. ಕಂಪ್ಯೂಟರ್‌ನಲ್ಲಿ ಇಮ್ಗ್‌ಬರ್ನ್ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆದು ಖಾಲಿ ಡಿಸ್ಕ್ ಹಾಕಿದರೆ ಬಲಗಡೆ ಕೋಡ್ ಕಾಣಿಸುತ್ತದೆ.

ಟಿವೈಜಿ03 ಬಂದರೆ ಅದು ಜಪಾನಿನ ತಾಯಿಯೋ ಯುಡೆನ್. ಸಿಡಿ-ಆರ್ ಅನ್ನೋದನ್ನೇ 1988ರಲ್ಲಿ ಮೊದಲು ಮಾಡಿ ತೋರಿಸಿದ ಕಂಪನಿ. ಎಂಸಿಸಿ 03ಆರ್‌ಜಿ20 ಅಂದರೆ ಮಿತ್ಸುಬಿಷಿ ಕೆಮಿಕಲ್, ವರ್ಬೇಟಿಮ್ ಡಬ್ಬಿಯಲ್ಲಿ ಸಿಗುತ್ತಿತ್ತು. ಎಂಬಿಐ ಅಂತ ಶುರುವಾದರೆ ನಮ್ಮವರೇ ಆದ ಮೋಸರ್ ಬೇರ್. ಸಿಎಂಸಿ ಮ್ಯಾಗ್, ರೈಟೆಕ್ ಎರಡೂ ತೈವಾನ್‌ನವು. ಕೋಡ್ ಒಂದನ್ನೇ ನೋಡಿ ಕಣ್ಣು ಮುಚ್ಚಿ ಕೊಳ್ಳುವಂತೆಯೂ ಇಲ್ಲ. ಒಳ್ಳೆಯ ಕಂಪನಿಯ ಕೋಡ್ ಹಾಕಿದ ನಕಲಿ ಮಾಲೂ ಮಾರುಕಟ್ಟೆಯಲ್ಲಿದೆ.

ಅದಕ್ಕೇ ನಾನು ಮೊದಲು ಸಣ್ಣ ಡಬ್ಬಿ ಒಂದನ್ನು ಮಾತ್ರ ತರುತ್ತೇನೆ. ಮುಚ್ಚಳ ತೆಗೆದು ಒಂದು ಡಿಸ್ಕ್ ಎತ್ತಿ ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹಿಡಿಯುತ್ತೇನೆ. ಬರೆಯುವ ಬದಿಯ ನೇರಳೆ ಬಣ್ಣ ಒಳಗಿನಿಂದ ಅಂಚಿನವರೆಗೂ ಒಂದೇ ಸಮ ಇರಬೇಕು. ಡಿವಿಡಿ ಅಂದರೆ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು, ಲೇಸರ್ ಸುಟ್ಟು ಗುರುತು ಮಾಡುವ ಈ ಬಣ್ಣ ಅವುಗಳ ನಡುವೆ ಇರುತ್ತದೆ. ಡಿಸ್ಕ್ ತಿರುಗಿಸುತ್ತಾ ಆ ಬಣ್ಣ ಹರಡುತ್ತಾರೆ, ಹಾಗಾಗಿ ಎಡವಟ್ಟೆಲ್ಲ ಸಾಮಾನ್ಯವಾಗಿ ಕಾಣುವುದು ಹೊರ ಅಂಚಿನಲ್ಲೇ. ಅಲ್ಲಿ ಮೋಡ ಕವಿದಂತೆ ಮಸುಕಿದ್ದರೆ, ಅಂಟು ಹೊರಗೆ ಒಸರಿದ್ದರೆ, ಗುಳ್ಳೆ ಕಂಡರೆ, ಆ ಡಬ್ಬಿ ಬೇಡ.

ಆಮೇಲೆ ಡಿಸ್ಕ್ ಪೂರ್ತಿ ತುಂಬಿಸಿ ಬರೆದು, ತಪ್ಪು ಎಣಿಸುವ ಸ್ಕ್ಯಾನ್ ಓಡಿಸುತ್ತೇನೆ. ಎಲ್ಲ ಡ್ರೈವ್‌ಗೂ ಇದು ಬರುವುದಿಲ್ಲ. ನನ್ನ ಹಳೇ ಲೈಟ್-ಆನ್ ಡ್ರೈವ್‌ನಲ್ಲಿ ನೀರೋ ಡಿಸ್ಕ್‌ಸ್ಪೀಡ್ ಸಾಫ್ಟ್‌ವೇರ್ ಜೊತೆ ಬರುತ್ತದೆ, ಅದನ್ನು ಇನ್ನೂ ಜೋಪಾನ ಮಾಡಿದ್ದೇನೆ. ಪಿಐಇ, ಅಂದರೆ ಓದುವಾಗ ಸಿಗುವ ಸಣ್ಣ ತಪ್ಪು, 280 ದಾಟಬಾರದು; ಪಿಐಎಫ್, ಅಂದರೆ ಮೊದಲ ಸುತ್ತಿನಲ್ಲಿ ಸರಿಪಡಿಸಲಾಗದ ತಪ್ಪು, 4 ದಾಟಬಾರದು ಅನ್ನೋದು ಲೆಕ್ಕ. ನಾನು ಇನ್ನೂ ಸ್ವಲ್ಪ ಬಿಗಿ. ಸಂಖ್ಯೆಗಿಂತ ಗ್ರಾಫ್‌ನ ಆಕಾರ ನೋಡುತ್ತೇನೆ. ಕೊನೆವರೆಗೂ ನೆಲ ಹಿಡಿದು ಹೋದರೆ ಸಂತೋಷ. ಕೊನೆಯ ಭಾಗದಲ್ಲಿ, ಅಂದರೆ ಹೊರ ಅಂಚಿನ ಕಡೆ, ಗೋಡೆ ಥರ ಎದ್ದು ನಿಂತರೆ, ಒಟ್ಟು ಲೆಕ್ಕದಲ್ಲಿ ಪಾಸಾಗಿದ್ದರೂ ಬೇಡ ಅನ್ನುತ್ತೇನೆ. ಎಷ್ಟೇ ಒಳ್ಳೆ ಡಿಸ್ಕ್ ಆದರೂ ಅಂಚಿಗೆ ಸ್ವಲ್ಪ ಜಾಗ ಬಿಡುತ್ತೇನೆ. ಡಬ್ಬಿ ಮೇಲೆ 4.7 ಜಿಬಿ ಅಂತಿದ್ದರೂ ಕಂಪ್ಯೂಟರ್ ತೋರಿಸುವುದು 4.38. ನಾನು 4.2ಕ್ಕೆ ನಿಲ್ಲಿಸುತ್ತೇನೆ. ನಾಟಕದಲ್ಲಿ ಕಂದಪದ್ಯದ ಮಧ್ಯೆ ಚಿತ್ರ ಸ್ತಬ್ಧವಾದರೆ ಪಾತ್ರಧಾರಿ ಫೋನ್ ಮಾಡಿ ಬೈಯುವುದು ನನ್ನನ್ನೇ ತಾನೇ!

ಸ್ಕ್ಯಾನ್ ಚೆನ್ನಾಗಿ ಬಂದರೆ ಅದೇ ಅಂಗಡಿಗೆ ಹೋಗಿ ಅದೇ ಲಾಟ್‌ನ ಡಬ್ಬಿಗಳನ್ನು ಒಟ್ಟಿಗೆ ಎತ್ತುತ್ತೇನೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಗೊಂಡರೂ ಕ್ರಮ ಇದೇ. ‘ಒಂದು ಡಬ್ಬಿ ನೋಡಿ ಬರ್ತೀನಿ’ ಅಂದರೆ ಮುಖ ಸಿಂಡರಿಸುವವರಿದ್ದಾರೆ, ಅವರ ಹತ್ತಿರ ಕೊಳ್ಳುವುದೇ ಇಲ್ಲ.

ಖಾಲಿ ಡಿವಿಡಿಯಲ್ಲಿ ಎರಡು ಬಗೆ, ಮೈನಸ್ ಆರ್ (ಡಿವಿಡಿ-ಆರ್) ಬೇಕೋ ಪ್ಲಸ್ ಆರ್ (ಡಿವಿಡಿ+ಆರ್) ಬೇಕೋ ಅಂತ ತುಂಬಾ ಜನ ಕೇಳುತ್ತಾರೆ. ಹಳ್ಳಿ ಮನೆಯ ಹಳೇ ಪ್ಲೇಯರ್‌ಗಳಿಗೆ ಮೈನಸ್ ಆರ್ ಹೆಚ್ಚು ಒಗ್ಗುತ್ತದೆ. ಪ್ಲಸ್ ಆರ್ ಆದರೆ ಬುಕ್‌ಟೈಪ್ ಅನ್ನು, ಅಂದರೆ ಇದು ಯಾವ ಬಗೆಯ ಡಿಸ್ಕ್ ಅಂತ ಪ್ಲೇಯರ್‌ಗೆ ಹೇಳುವ ಗುರುತನ್ನು, ಡಿವಿಡಿ-ಆರ್‌ಓಎಂ ಅಂತ ಬದಲಾಯಿಸಿ ಬರೆದರೆ ಸಾಮಾನ್ಯವಾಗಿ ಓಡುತ್ತದೆ. ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಅಂತೂ ಯಾರಿಗೂ ಕೊಡಬೇಡಿ, ಅದು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ, ಹಳೇ ಪ್ಲೇಯರ್ ತಡಕಾಡುತ್ತದೆ. 16ಎಕ್ಸ್ ವೇಗದ ಡಿಸ್ಕ್ ಅನ್ನು 8ಎಕ್ಸ್‌ ವೇಗದಲ್ಲಿ ಬರೆಯುತ್ತೇನೆ. ನಿಧಾನ ಇದ್ದಷ್ಟೂ ಒಳ್ಳೆಯದು ಅಂತ 2ಎಕ್ಸ್‌ಗೆ ಇಳಿಯಬೇಕಿಲ್ಲ, ಈಗಿನ ಬಣ್ಣ ತಯಾರಾಗಿರುವುದೇ ವೇಗಕ್ಕೆ. ಹೆಸರು ಬರೆಯಲು ನೀರಿನ ಮಾರ್ಕರ್ ಸಾಕು, ಸ್ಟಿಕರ್ ಬೇಡ. ಸಿಡಿ ಆದರೆ ಮೇಲಿನ ಬದಿಯನ್ನು ಇನ್ನೂ ಜೋಪಾನವಾಗಿ ನೋಡಿಕೊಳ್ಳಿ, ಅದರಲ್ಲಿ ಬಣ್ಣ ಇರುವುದು ಲೇಬಲ್‌ನ ಕೆಳಗೇ.

ಈಗಿನ ಕಷ್ಟ ಬೇರೆ. ತಾಯಿಯೋ ಯುಡೆನ್ 2015ರಲ್ಲಿ ಈ ವ್ಯವಹಾರ ಬಿಟ್ಟಿತು. ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು. ವರ್ಬೇಟಿಮ್ ಈಗ ಸಿಎಂಸಿ ಕೈಯಲ್ಲಿದೆ. ಖಾಲಿ ಬ್ಲೂ-ರೇ ಮಾಡುವುದನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹಾಗಾಗಿ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ ಹಳೇ ಸ್ಟಾಕ್ ಕಂಡರೆ ಆಸೆಯಾಗುತ್ತದೆ. ಬರೆಯದ ಡಿಸ್ಕ್‌ಗೂ ವಯಸ್ಸಾಗುತ್ತದೆ. ಬಿಸಿಲು ಬೀಳುವ ಶೋಕೇಸ್‌ನಲ್ಲಿದ್ದ ಡಬ್ಬಿಯನ್ನು ನಾನು ಮುಟ್ಟಲ್ಲ, ಒಳಗಿನ ಕಪಾಟಿನದ್ದಾದರೆ ಒಂದು ತಂದು ಸ್ಕ್ಯಾನ್ ಮಾಡಿ ನೋಡುತ್ತೇನೆ.

ಪೂರ್ತಿ ನಾಟಕವನ್ನು ನನ್ನ ಹತ್ತಿರ ಎಚ್‌ಡಿಯಲ್ಲಿ ಇಟ್ಟುಕೊಳ್ಳಲು 25 ಜಿಬಿಯ ಬಿಡಿ-ಆರ್, ಅಂದರೆ ಖಾಲಿ ಬ್ಲೂ-ರೇ ಡಿಸ್ಕ್, ಬಳಸುತ್ತೇನೆ. ಅದರಲ್ಲಿ ಎಲ್‌ಟಿಎಚ್ ಅಂತ ಬರೆದಿದ್ದರೆ ಬಿಟ್ಟುಬಿಡಿ, ಅದು ಡಿವಿಡಿಯಂತೆ ಬಣ್ಣದ ಮೇಲೆ ನಿಂತದ್ದು. ಎಚ್‌ಟಿಎಲ್ ಆದರೆ ಲೋಹದಂಥ ಪದರ, ಬೆಳಕಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಡಬ್ಬಿ ಮೇಲೆ ಏನೂ ಬರೆದಿಲ್ಲದಿದ್ದರೆ ಮತ್ತದೇ ಕೆಲಸ, ಒಂದು ತಂದು ಕೋಡ್ ನೋಡುವುದು.