ದಿನದ ಕೆಲಸವನ್ನು ಕರ್ತನಿಗೆ ಒಪ್ಪಿಸುವ ಅಭ್ಯಾಸ

"ನಾನಿದ್ದು ಯಾರಿಗೇನು ಪ್ರಯೋಜನ?" ಎಂಬ ಪ್ರಶ್ನೆ ಹೆಚ್ಚಾಗಿ ಕಾಡುವುದು ಪಾತ್ರೆ ತೊಳೆಯುವಾಗ, ಕಡತ ಜೋಡಿಸುವಾಗ. ಇದಕ್ಕೆ ಉತ್ತರವಾಗಿ ದೊಡ್ಡ ಸೇವೆಯೊಂದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಯೇಸು ಸೇವೆ ಆರಂಭಿಸಿದಾಗ ಆತನಿಗೆ ಸುಮಾರು 30 ವರ್ಷ (ಲೂಕ 3:23). ಅಲ್ಲಿಯವರೆಗೆ ಊರಿನವರ ಕಣ್ಣಿಗೆ ಆತ ಬಡಗಿ (ಮಾರ್ಕ 6:3). "ನೀನು ನನ್ನ ಪ್ರಿಯ ಮಗನು" ಎಂದು ತಂದೆಯಾದ ದೇವರು ಹೇಳಿದ್ದು ಒಂದು ಅದ್ಭುತವೂ ನಡೆಯುವ ಮೊದಲೇ. ಪ್ರೀತಿ ಮೊದಲು, ಕೆಲಸ ಆಮೇಲೆ. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ಬರೀ ದುಡಿಮೆಯಾಗುತ್ತದೆ.

ಮೊದಲ ವಾರಕ್ಕೆ ಒಂದೇ ಕೆಲಸ ಸಾಕು. ದಿನಾ ಮಾಡಲೇಬೇಕಾದ, ಬೇಸರ ತರಿಸುವ, 10–20 ನಿಮಿಷದ ಕೆಲಸವಾಗಿರಲಿ. ಇಡೀ ದಿನವನ್ನೇ ಪ್ರಾರ್ಥನೆಯಾಗಿಸಲು ಹೊರಟವರು ಸಾಮಾನ್ಯವಾಗಿ ಮೂರನೇ ದಿನಕ್ಕೇ ಸೋಲುತ್ತಾರೆ. ಕೈಹಾಕುವ ಮುನ್ನ ಒಂದು ಕ್ಷಣ ನಿಂತು, "ಕರ್ತನೇ, ಇದು ನಿನಗಾಗಿ, ಇದರಿಂದ ಇಂಥವರಿಗೆ ಒಳ್ಳೆಯದಾಗಲಿ" ಎನ್ನಿ. "ಇಂಥವರು" ಎಂದಲ್ಲಿ ಒಬ್ಬರ ಹೆಸರನ್ನೇ ಹೇಳಿ. "ಎಲ್ಲರಿಗೂ" ಎಂದರೆ ಮನಸ್ಸು ಯಾರ ಮೇಲೂ ನಿಲ್ಲುವುದಿಲ್ಲ.

ಆಮೇಲೆ ಕೆಲಸವನ್ನು ಚೆನ್ನಾಗಿ ಮಾಡಿ. ಹಾಸಿಗೆ ಹಿಡಿದವರ ಚಾದರವನ್ನು ನಾಲ್ಕೂ ಮೂಲೆ ಎಳೆದು ಹಾಸಬೇಕು; ಸುಕ್ಕು ಉಳಿದರೆ ಅದು ಚರ್ಮಕ್ಕೆ ಒತ್ತಿ ಹುಣ್ಣಾಗಬಹುದು. ಆ ಸುಕ್ಕು ಬಿಡಿಸುವ ಕೈಯಲ್ಲೇ ಪ್ರೀತಿಯಿದೆ, ಅದಕ್ಕೆ ಬೇರೆ ಭಕ್ತಿಭಾವ ಸೇರಿಸಬೇಕಿಲ್ಲ. ಆದಿಸಭೆಯ ಶಿಷ್ಯೆ ತಬಿಥಾಳ ಒಂದು ಮಾತೂ ಬೈಬಲಿನಲ್ಲಿ ದಾಖಲಾಗಿಲ್ಲ. ಆಕೆ ತೀರಿಕೊಂಡಾಗ ವಿಧವೆಯರು ಅಳುತ್ತಾ ತೋರಿಸಿದ್ದು ಆಕೆ ಮಾಡಿಕೊಟ್ಟ ಬಟ್ಟೆಗಳನ್ನು (ಅಪೊಸ್ತಲರ ಕೃತ್ಯಗಳು 9:39).

ರಾತ್ರಿ 10 ನಿಮಿಷ ಆತ್ಮಪರಿಶೀಲನೆಗೆ ಇಡಿ. 16ನೇ ಶತಮಾನದಲ್ಲಿ ಲೊಯೋಲಾದ ಸಂತ ಇಗ್ನೇಷಿಯಸ್ ಕಲಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಯ ನಿರ್ಧಾರ. ಕೊನೆಗೆ ಪುಸ್ತಕದಲ್ಲಿ ಒಂದೇ ಸಾಲು ಬರೆಯಿರಿ: ಯಾರಿಗೆ, ಏನು ಮಾಡಿದೆ. ಹೇಗನ್ನಿಸಿತು ಎಂಬುದು ಬೇಡ. ಭಾವನೆಯನ್ನು ಅಳೆಯತೊಡಗಿದರೆ ಶುಷ್ಕವಾದ ದಿನಗಳೆಲ್ಲ ವ್ಯರ್ಥವೆನಿಸುತ್ತವೆ.

ಹೆಚ್ಚಿನವರು ಎಡವುವುದು ಅವಲೋಕನದಲ್ಲಿ. ಅದು ತಪ್ಪುಗಳ ಪಟ್ಟಿಯಾಗಿಬಿಡುತ್ತದೆ. ಕೃತಜ್ಞತೆಯನ್ನು ಎಂದೂ ಬಿಡಬೇಡಿ; ಒಂದು ತಪ್ಪನ್ನು ಒಪ್ಪಿಕೊಂಡು, ಕ್ಷಮೆ ಸ್ವೀಕರಿಸಿ, ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಅಪಾಯ ಹೆಚ್ಚು ಗಂಭೀರ. ಏನು ಮಾಡಿದರೂ ಕರ್ತನಿಗಾಗಿ ಮಾಡಿರಿ ಎಂಬ ಮಾತು (ಕೊಲೊಸ್ಸೆ 3:23) ದಾಸರಿಗೆ ಹೇಳಿದ್ದು. ಕೆಲಸ ಎಷ್ಟೇ ಕೀಳೆನಿಸಿದರೂ ದೇವರ ಮುಂದೆ ಅದಕ್ಕೆ ಬೆಲೆಯಿದೆ ಎಂಬುದೇ ಅದರ ಸಾರ. ಆದರೆ ಮೂರೇ ವಚನ ಮುಂದೆ ಹೋದರೆ, ದಾಸರಿಗೆ ನ್ಯಾಯವಾದದ್ದನ್ನು ಕೊಡಿರಿ ಎಂದು ಯಜಮಾನರಿಗೂ ಆಜ್ಞೆಯಿದೆ (4:1). ಹಾಗಾಗಿ ಸಂಬಳ ಕೊಡದವರನ್ನು, ಹಿಂಸಿಸುವವರನ್ನು ಸಹಿಸಿಕೊಳ್ಳಲು ಈ ವಚನವನ್ನು ನೆಪ ಮಾಡಬೇಡಿ.

ವಾರಕ್ಕೊಂದು ದಿನ ಬಿಡುವು ತೆಗೆದುಕೊಳ್ಳಿ. ಏನೂ ಮಾಡದ ದಿನವೂ ತಾನು ದೇವರಿಗೆ ಬೇಕಾದವನು, ಬೇಕಾದವಳು ಎಂಬ ನಂಬಿಕೆ ಬೇರೂರುವುದು ಅಂದೇ.

ನಿರರ್ಥಕ ಭಾವನೆಯ ಜೊತೆಗೆ ನಿದ್ದೆ, ಹಸಿವು ಎರಡು ವಾರ ಕೆಟ್ಟಿದ್ದರೆ ವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರೆ ಅಂದೇ ಹೋಗಿ. ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಎರಡು ಸಲ ಎಬ್ಬಿಸಿ ಊಟ ಕೊಟ್ಟ. ಮುಂದಿನ ಕೆಲಸದ ಅಪ್ಪಣೆ ಬಂದದ್ದು ಎಷ್ಟೋ ದಿನಗಳ ಮೇಲೆ (1 ಅರಸುಗಳು 19).